ಇಂದಿನ ಚಿಂತನೆ: ಕುದುರೆಯ ರಕ್ತ



ಆಸ್ಟ್ರೇಲಿಯಾದಲ್ಲಿ ರೆಡ್‌ಬ್ಯಾಕ್ ಎಂಬ ವಿಷದ ಜೇಡವಿದೆ. ಅದು ಕಚ್ಚಿದರೆ ನಾಯಿಗೆ ವಿಪರೀತ ನೋವು, ಸ್ನಾಯು ಸೆಟೆತ. ಪಶುವೈದ್ಯರು ನೋವಿನ ಔಷಧಿ ಕೊಡುತ್ತಾರೆ. ವಿಷ ಹೆಚ್ಚು ಏರಿದ್ದರೆ ಪ್ರತಿವಿಷ. 1956ರಿಂದ ಇರುವ ಈ ಪ್ರತಿವಿಷ ಬರುವುದು ಕುದುರೆಯಿಂದ. ಅದಕ್ಕೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಮೈ ಎದುರಿಸಲು ಕಲಿತ ಮೇಲೆ ರಕ್ತ ತೆಗೆಯುತ್ತಾರೆ. (ನಮ್ಮಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧಿಯೂ ಹೀಗೆಯೇ.)

ಇದನ್ನು ಕುದುರೆಯ ದಾನ ಎನ್ನಬಹುದೇ? ನಾನು ಒಪ್ಪುವುದಿಲ್ಲ. ದಾನಕ್ಕೆ ಕೊಡುವವರ ಮನಸ್ಸು ಬೇಕು. ಕೇಳದೆ ಕಿತ್ತುಕೊಂಡದ್ದಕ್ಕೆ 'ಸೇವೆ' ಎಂದು ಹೆಸರಿಡುವ ಚಾಳಿ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗೆಂದು ನಾಯಿ ನರಳಲಿ ಎನ್ನಲಾಗದು. ಅಹಿಂಸೆಯನ್ನು ವಿವರಿಸುವಾಗ ಬಾಬಾಸಾಹೇಬರು ಕೊಲ್ಲುವ ಇಚ್ಛೆ ಬೇರೆ, ಅಗತ್ಯ ಬೇರೆ ಎಂದು ಬಿಡಿಸಿ ತೋರಿಸಿದರು. ರಕ್ತ ತೆಗೆಯುವುದಕ್ಕೂ ಅದೇ ಅಳತೆ ಹಿಡಿಯೋಣ: ಅಗತ್ಯವಿದ್ದಷ್ಟೇ ತೆಗೆದರೇ? ಆ ಕುದುರೆಗೆ ಮೇವು, ವಿಶ್ರಾಂತಿ, ಮುಪ್ಪಿನಲ್ಲಿ ನೆಲೆ ಸಿಕ್ಕಿತೇ?