ಇನ್ನೊಂದು ತುತ್ತು

ನಮ್ಮಲ್ಲಿ ಇಬ್ಬರು ಪರಿಚಿತರು ಎದುರಾದರೆ ಮೊದಲು ಕೇಳುವುದು ‘ಊಟವಾಯಿತೆ?’ ಎಂದು. ಪಂಕ್ತಿಯಲ್ಲಿ ಕುಳಿತವನು ‘ಸಾಕು’ ಎಂದರೆ ಆ ಮಾತನ್ನು ನಂಬುವವರಿಲ್ಲ. ಎಲೆಯ ಮೇಲೆ ಎರಡು ಕೈಯನ್ನೂ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಒಂದು ಸೌಟು ಪಾಯಸ ಇಳಿದೇ ತೀರುತ್ತದೆ. ನಮ್ಮ ತಾಯಿ ಈ ವಿದ್ಯೆಯಲ್ಲಿ ನಿಪುಣೆ. ಬಡಿಸಲು ನಿಂತರೆ ‘ಸಾಕು’ ಎಂಬ ಶಬ್ದ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಇದಕ್ಕೆ ನಾವು ಉಪಚಾರವೆಂದು ಹೆಸರಿಟ್ಟಿದ್ದೇವೆ. ಅತಿಥಿಗೆ ಮಾಡುವ ಒತ್ತಾಯಕ್ಕೂ ರೋಗಿಗೆ ಮಾಡುವ ಆರೈಕೆಗೂ ಕನ್ನಡದಲ್ಲಿ ಇದೊಂದೇ ಮಾತು ಸಲ್ಲುತ್ತದೆ. ಈ ಎರಡು ಅರ್ಥಗಳು ಒಂದಕ್ಕೊಂದು ಎದುರು ನಿಲ್ಲಬಹುದೆಂದು ನಾನು ಎಂದೂ ಯೋಚಿಸಿದವನಲ್ಲ. ಅದನ್ನು ನನಗೆ ಕಲಿಸಿದ್ದು ಒಂದು ಬೆಕ್ಕು.

ಬೆಳ್ಳಿ ನಮ್ಮ ಮನೆಗೆ ಬಂದು 14 ವರ್ಷವಾಯಿತು. ಒಂದು ಮಳೆಗಾಲದ ಸಂಜೆ ಹಿತ್ತಿಲ ಬಾಗಿಲಲ್ಲಿ ಬಂದು ಕುಳಿತದ್ದು, ನಾವು ಕರೆಯುವ ಮೊದಲೇ ಒಳಗೆ ಬಂದಿತು. ಸಸ್ಯಾಹಾರಿಗಳ ಮನೆಯನ್ನು ಆರಿಸಿಕೊಂಡದ್ದು ಅದರ ದುರದೃಷ್ಟವೆಂದು ಮೊದಲು ತಿಳಿದೆವು. ಹಾಲು ಅನ್ನದಿಂದ ಬೆಕ್ಕಿನ ಬಾಳು ಸಾಗದು, ಅದಕ್ಕೆ ಮಾಂಸ ಬೇಕೇ ಬೇಕು ಎಂದು ಪಶುವೈದ್ಯರು ಹೇಳಿದ ಮೇಲೆ ಸೋತವರು ನಾವೇ. ಹಿತ್ತಿಲ ಜಗಲಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಬಂದುವು. ಮಡಿಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ನನ್ನ ಮಡದಿ ಮೂಗಿಗೆ ಸೆರಗು ಹಿಡಿದುಕೊಂಡು ಮೀನು ಬೇಯಿಸುವುದನ್ನು ಕಲಿತಳು.

ಕಳೆದ ಚಳಿಗಾಲದಲ್ಲಿ ಬೆಳ್ಳಿ ನೀರಿನ ಬಟ್ಟಲನ್ನು ಬಿಟ್ಟು ಕದಲದಾಯಿತು. ಬೆನ್ನು ಸವರಿದರೆ ಎಲುಬು ಕೈಗೆ ಸಿಗುತ್ತಿತ್ತು. ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡದ ರೋಗ; ವಯಸ್ಸಾದ ಬೆಕ್ಕುಗಳಲ್ಲಿ ಬಹು ಸಾಮಾನ್ಯವಂತೆ. ಮೂತ್ರಪಿಂಡದ ಶಕ್ತಿ ಮೂರರಲ್ಲಿ ಎರಡು ಪಾಲು ಹೋಗುವವರೆಗೂ ಹೊರಗೆ ಏನೂ ತೋರದಿರಬಹುದು. ತೋರಿದ ಮೇಲೆ ಹೋದದ್ದು ಹಿಂತಿರುಗದು. ಸೋಸಿ ಹೊರಹಾಕಬೇಕಾದ ಕಲ್ಮಷ ರಕ್ತದಲ್ಲಿಯೇ ಉಳಿದು ಹೊಟ್ಟೆ ತೊಳಸುತ್ತದೆ, ಕೆಲವೊಮ್ಮೆ ಬಾಯಲ್ಲಿ ಹುಣ್ಣಾಗುತ್ತದೆ. ಇನ್ನು ಊಟ ಸೇರುವುದೆಂತು? ಹಾಗೆಂದು ಬಿಟ್ಟರೂ ಕಷ್ಟ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿನಲ್ಲಿ ಸೇರಿಕೊಂಡು, ಇದ್ದ ರೋಗದ ಜೊತೆಗೆ ಹೊಸದೊಂದು ಹುಟ್ಟಬಹುದು. ಪ್ರೋಟೀನು, ರಂಜಕಗಳನ್ನು ಮಿತಿಗೊಳಿಸಿದ ಪಥ್ಯದ ಆಹಾರವನ್ನು ವೈದ್ಯರು ಬರೆದುಕೊಟ್ಟರು. ಜೊತೆಗೆ, ‘ಪಥ್ಯ ಮುಟ್ಟದಿದ್ದರೆ ಹಳೆಯ ಆಹಾರವನ್ನೇ ಕೊಡಿ. ತಿನ್ನದ ಪಥ್ಯಕ್ಕಿಂತ ತಿಂದ ಅಪಥ್ಯ ಮೇಲು’ ಎಂದರು.

ಮಗು ಊಟ ಬಿಟ್ಟರೆ ನಮ್ಮ ಹೆಂಗಸರು ಚಂದಮಾಮನನ್ನು ತೋರಿಸುತ್ತಾರೆ, ಅನ್ನಕ್ಕೆ ಬೆಲ್ಲ ಬೆರೆಸುತ್ತಾರೆ. ಬೆಕ್ಕಿಗೆ ಚಂದ್ರನ ಗೊಡವೆಯಿಲ್ಲ. ಬೆಲ್ಲದ ರುಚಿಯೂ ಅದಕ್ಕೆ ತಿಳಿಯದು. ಸಿಹಿಯನ್ನು ಗ್ರಹಿಸಬೇಕಾದ ಜೀನು ಬೆಕ್ಕಿನ ಕುಲದಲ್ಲಿಯೇ ಕೆಟ್ಟುಹೋಗಿದೆ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಅದು ಊಟವನ್ನು ಒಪ್ಪುವುದು ಮುಖ್ಯವಾಗಿ ಮೂಗಿನಿಂದ. ಆಹಾರವನ್ನು ಅದರ ಮೈಯ ಬಿಸಿಯಷ್ಟು, ಎಂದರೆ 38 ಡಿಗ್ರಿಯ ಆಸುಪಾಸಿಗೆ ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ತಲೆಯೆತ್ತುತ್ತದೆ. ನಾವು ಬೆಚ್ಚಗೆ ಮಾಡಿದೆವು, ಬೆರಳ ತುದಿಯಲ್ಲಿ ಹಿಡಿದೆವು, ದಿನಕ್ಕೆ ಆರು ಸಲ ಇಟ್ಟೆವು. ಬೆಳ್ಳಿ ಮೂಸಿ ನೋಡಿ, ತುಟಿ ನೆಕ್ಕಿಕೊಂಡು, ಮುಖ ತಿರುಗಿಸಿ ಹೋಗುತ್ತಿತ್ತು.

ಮೂರನೆಯ ದಿನ ನನಗೆ ದಿಗಿಲಾಯಿತು. ನಾವು ಮಕ್ಕಳಾಗಿದ್ದಾಗ ನಮ್ಮ ಮೂಗು ಹಿಡಿದು ಒಳಲೆಯಲ್ಲಿ ಹರಳೆಣ್ಣೆ ಕುಡಿಸುತ್ತಿದ್ದರಷ್ಟೆ. ಅದೇ ನ್ಯಾಯದಿಂದ ಬೆಳ್ಳಿಯನ್ನು ಟವಲಿನಲ್ಲಿ ಸುತ್ತಿ ಹಿಡಿದು, ಸಿರಿಂಜಿನಿಂದ ಬಾಯಿಗೆ ಆಹಾರ ಒತ್ತಿದೆ. ಅರ್ಧ ನನ್ನ ಅಂಗಿಯ ಮೇಲಾಯಿತು. ಉಳಿದರ್ಧವನ್ನು ಅದು ಸ್ವಲ್ಪ ಹೊತ್ತಿನಲ್ಲೇ ಕಕ್ಕಿತು. ಮಾರನೆಯ ದಿನ ತಟ್ಟೆಯ ಸದ್ದಿಗೇ ಮಂಚದ ಕೆಳಗೆ ಸೇರಿತು. ಸಂಜೆಯ ಹೊತ್ತಿಗೆ ನನ್ನ ಹೆಜ್ಜೆಯ ಸದ್ದಿಗೂ ಸೇರಿತು. ಇಷ್ಟು ವರ್ಷ ನನ್ನ ತೊಡೆಯ ಮೇಲೆ ನಿದ್ದೆ ಮಾಡಿದ ಪ್ರಾಣಿ ಅದು.

ಎದುರುಮನೆಯ ಹಿರಿಯರು ಬಂದು ನೋಡಿ, ‘ಯಾಕೆ ಹಿಂಸೆ ಕೊಡುತ್ತೀರಿ, ಸ್ವಾಮಿ? ಮೂಕಪ್ರಾಣಿಗೆ ತನ್ನ ಕಾಲ ತನಗೆ ತಿಳಿಯುತ್ತದೆ. ಅನ್ನ ಬಿಟ್ಟಿದೆ ಎಂದರೆ ಹೋಗಲು ಸಿದ್ಧವಾಗಿದೆ ಎಂದೇ ಅರ್ಥ. ಶ್ರವಣಬೆಳಗೊಳದಲ್ಲಿ ಮಹಾಮಹಾ ಮುನಿಗಳೇ ಹಾಗೆ ಹೋಗಲಿಲ್ಲವೆ?’ ಎಂದರು. ಅವರ ಮಾತಿನಲ್ಲಿ ಕರುಣೆಯಿತ್ತು. ನನ್ನ ಆಯಾಸಕ್ಕೆ ಅದು ಹಿತವಾಗಿಯೂ ಕೇಳಿಸಿತು. ಹಿತವಾಗಿ ಕೇಳಿಸಿದ್ದರಿಂದಲೇ ಸ್ವಲ್ಪ ಸಂಶಯವೂ ಬಂದಿತು.

ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಷ್ಟು ಹಿಂದಿನ ಶಾಸನಗಳು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರನ್ನು ಹೆಸರಿಸುತ್ತವೆ. ಅವರು ಅನ್ನವನ್ನು ಬಿಟ್ಟದ್ದು ತಿಳಿದು, ಬಯಸಿ, ವ್ರತವಾಗಿ. ಬೆಳ್ಳಿ ಬಿಟ್ಟಿರುವುದು ಏನನ್ನು? ಅದು ತಟ್ಟೆಯ ಬಳಿಗೆ ಬರುತ್ತದೆ, ಮೂಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಅದು ಆಸೆಯ ಗುರುತೆಂದು ನಾನು ತಿಳಿದಿದ್ದೆ. ಬೆಕ್ಕಿನಲ್ಲಿ ಅದು ವಾಕರಿಕೆಯ ಗುರುತೂ ಆಗಿರಬಹುದೆಂದು ವೈದ್ಯರು ಹೇಳಿದರು. ಹಾಗಾದರೆ ‘ಬೇಡ’ ಎನ್ನುತ್ತಿರುವುದು ಬೆಳ್ಳಿಯಲ್ಲ, ಅದರ ರಕ್ತದಲ್ಲಿ ಸೇರಿರುವ ಕಲ್ಮಷ. ರೋಗದ ಮಾತನ್ನು ರೋಗಿಯ ಮಾತೆಂದು ತಿಳಿದು ‘ಅದರ ಇಷ್ಟ’ ಎಂದು ಕೈಬಿಡುವುದು ಗೌರವದಂತೆ ಕಾಣುತ್ತದೆ. ಅದರೊಳಗೆ ನಮ್ಮ ಬೇಸರವೂ ಅಡಗಿ ಕುಳಿತಿರಬಹುದು. ನನ್ನ ಸಿರಿಂಜಿನ ಕಥೆಯೂ ಇದಕ್ಕಿಂತ ಒಳ್ಳೆಯದೇನಲ್ಲ. ಅಲ್ಲಿ ನಾನು ಬೆಕ್ಕಿನ ಮಾತನ್ನೂ ಕೇಳಲಿಲ್ಲ, ರೋಗದ ಮಾತನ್ನೂ ಕೇಳಲಿಲ್ಲ; ಕೇಳಿದ್ದು ನನ್ನ ಭಯವನ್ನು ಮಾತ್ರ.

ವೈದ್ಯರು ಮೊದಲು ವಾಕರಿಕೆಗೆ ಮದ್ದು ಕೊಟ್ಟರು. ಎರಡು ದಿನಕ್ಕೊಮ್ಮೆ ಚರ್ಮದ ಕೆಳಗೆ ಸಲೈನು ಕೊಡುವುದನ್ನು ನಮಗೆ ಕಲಿಸಿದರು. ಮನುಷ್ಯರ ಖಿನ್ನತೆಗೆ ಕೊಡುವ ಮಿರ್ಟಾಜಪಿನ್ ಎಂಬ ಗುಳಿಗೆಯ ಸಣ್ಣದೊಂದು ಚೂರು ಬೆಕ್ಕಿನ ಹಸಿವನ್ನು ಎಬ್ಬಿಸುತ್ತದೆಂದು ತಿಳಿಸಿ, ಅದನ್ನೂ ಲೆಕ್ಕ ಹಾಕಿ ಕೊಟ್ಟರು. ‘ತಟ್ಟೆ ಇಟ್ಟು ದೂರ ಹೋಗಿ. ನೋಡುತ್ತ ಕೂರಬೇಡಿ’ ಎಂದರು. ಎಲ್ಲಕ್ಕಿಂತ ಕಷ್ಟವಾದದ್ದು ಈ ಕೊನೆಯ ಮಾತು. ನಾಲ್ಕನೆಯ ದಿನ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದಾಗ ಹಿತ್ತಿಲ ಕಡೆಯಿಂದ ತಟ್ಟೆ ನೆಕ್ಕುವ ಸದ್ದು ಕೇಳಿಸಿತು.

ಇದು ಗೆಲುವಿನ ಕಥೆಯಲ್ಲ. ರೋಗ ವಾಸಿಯಾಗುವಂಥದಲ್ಲ. ವಾಕರಿಕೆ ಇಲ್ಲದೆಯೂ, ಬಾಯಿ ನೋಯದೆಯೂ, ಬೆಚ್ಚಗಿನ ಮೀನನ್ನು ಬೆಳ್ಳಿ ಬೇಡವೆನ್ನುವ ದಿನ ಬರುತ್ತದೆ. ಅಂದಿನ ‘ಬೇಡ’ವನ್ನು ಅದರದೇ ಎಂದು ನಾನು ನಂಬಬೇಕು. ಗುರುತಿಸುವುದು ಹೇಗೆ? ಖಚಿತವಾಗಿ ಗುರುತಿಸುವ ಉಪಾಯವಿಲ್ಲ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ನೋವಿನಿಂದ ಒದ್ದಾಡುತ್ತಿದ್ದ ಕರುವೊಂದಕ್ಕೆ ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಪ್ರಾಣ ತೆಗೆಸಿದರು. ಅಹಿಂಸೆಯ ಹೆಸರಿನಲ್ಲಿಯೇ ಅನೇಕರು ಅವರ ಮೇಲೆ ಹರಿಹಾಯ್ದರು. ಅವರು ಮಾಡಿದ್ದು ಸರಿಯೆ ತಪ್ಪೆ ಎಂದು ತೀರ್ಪು ಹೇಳಲು ನಾನು ಯಾರು? ಆದರೆ ಅಂಥ ಗಳಿಗೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಅವರ ನಡತೆಯಿಂದ ಸ್ಪಷ್ಟವಾಗುತ್ತದೆ: ನಾನು ಮಾಡುತ್ತಿರುವುದು ಈ ಜೀವದ ನೋವಿಗಾಗಿಯೋ, ನನ್ನ ನೋವಿಗಾಗಿಯೋ?

ಈ ಪ್ರಶ್ನೆಯನ್ನು ನಾನು ಒಮ್ಮೆ ಕೇಳಿಕೊಳ್ಳದೆ ಹೋದೆ. ನಮ್ಮ ತಾಯಿ ಕೊನೆಯ ತಿಂಗಳಲ್ಲಿ ಗಂಜಿಯ ಚಮಚ ಕಂಡರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ‘ಸಾಕಪ್ಪ’ ಎನ್ನುತ್ತಿದ್ದಳು. ಎಂದೂ ಆ ಮಾತಿಗೆ ಕಿವಿಗೊಡದವಳ ಮಕ್ಕಳು ನಾವು, ನಾವೂ ಕೊಡಲಿಲ್ಲ. ‘ಒಂದೇ ಒಂದು ಚಮಚ, ನನಗೋಸ್ಕರ’ ಎಂದು ಗಲ್ಲ ಹಿಡಿದು ಕುಡಿಸಿದೆವು. ಹೊಟ್ಟೆ ತೊಳಸುತ್ತಿದೆಯೆ, ಬಾಯಿ ನೋಯುತ್ತಿದೆಯೆ, ಇಲ್ಲ ನಿಜವಾಗಿಯೂ ಸಾಕಾಗಿದೆಯೆ ಎಂದು ಅವಳನ್ನು ಒಬ್ಬರೂ ಕೇಳಲಿಲ್ಲ. ಅವಳಿಗೆ ಬಾಯಿತ್ತು, ಕೇಳಿದ್ದರೆ ಹೇಳುತ್ತಿದ್ದಳು. ‘ನನಗೋಸ್ಕರ’ ಎಂದದ್ದಂತೂ ನಿಜವಾಗಿತ್ತು.

ಈ ಬೆಳಗ್ಗೆ ಬೆಳ್ಳಿ ಮೂರು ತುತ್ತು ತಿಂದಿತು. ನಾಲ್ಕನೆಯದಕ್ಕೆ ತಲೆಯೆತ್ತಿ ನನ್ನನ್ನು ನೋಡಿತು. ಕೈ ಮುಂದೆ ಹೋಯಿತು, ತಡೆದುಕೊಂಡೆ. ಅದು ನಿಧಾನವಾಗಿ ಬಂದು ತೊಡೆಯ ಮೇಲೆ ಮಲಗಿತು. ತಟ್ಟೆಯನ್ನು ಮಡದಿ ಎತ್ತಿಟ್ಟಳು. ಮಧ್ಯಾಹ್ನ ಮತ್ತೆ ಬೆಚ್ಚಗೆ ಮಾಡಿ ಇಟ್ಟು ನೋಡಬೇಕು.