ಹಂಬಲಕ್ಕೆ ಬೆಲೆ

ದುಡ್ಡು ಸಿಗದ ಕೆಲಸವನ್ನು ಕೆಲಸವೆಂದು ಕರೆಯಬಹುದೇ? ನಾವು ಹೆಂಗಸರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು ಕಡಿಮೆ. ನಾನು ಹಾಗೆ ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಇಂಟರ್‌ನೆಟ್ ಕಂಪೆನಿಯ ಕಥೆ.

1995ರಲ್ಲಿ ಮುಂಬಯಿಯ ರಾಜೇಶ್ ಜೈನ್ ಎಂಬವರು 'ಇಂಡಿಯಾವರ್ಲ್ಡ್' ಎಂಬ ಪೋರ್ಟಲ್ ತೆರೆದರು. ಪೋರ್ಟಲ್ ಎಂದರೆ ಹೆಬ್ಬಾಗಿಲು. ಒಳಹೊಕ್ಕರೆ ಬೇಕಾದ ಕೋಣೆಗೆಲ್ಲ ದಾರಿ. ಸುದ್ದಿಗೆ ಸಮಾಚಾರ್, ಕ್ರಿಕೆಟ್ಟಿಗೆ ಖೇಲ್, ಹುಡುಕಾಟಕ್ಕೆ ಖೋಜ್, ಅಡುಗೆಗೆ ಬಾವರ್ಚಿ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದೇ ಆ ವರ್ಷದ ಆಗಸ್ಟ್ 15ರಂದು. ಹಾಗಾಗಿ ಮೊದಮೊದಲು ಆ ಬಾಗಿಲು ತಟ್ಟಿದವರು ಹೆಚ್ಚಾಗಿ ಪರದೇಶದಲ್ಲಿದ್ದ ನಮ್ಮವರೇ. 1999ರ ನವೆಂಬರಿನಲ್ಲಿ ಸತ್ಯಂ ಇನ್ಫೋವೇ ಕಂಪೆನಿ ಅದನ್ನು 499 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತು.

ಅಷ್ಟು ಹಣ ಯಾವುದಕ್ಕೆ? ನನಗೆ ತೋರುವಂತೆ, ಊರಿನ ಹಂಬಲಕ್ಕೆ. ದೂರದ ಮಗಳಿಗೆ ಹುಳಿಪುಡಿಯ ಹದ ಹೇಳಿಕೊಡುವ ತಾಯಿ ಮಾತ್ರ ಅದರ ಲೆಕ್ಕ ಬರೆದಿಡುವುದಿಲ್ಲ.

ಕನ್ನಡದ ಹಂಬಲಕ್ಕೂ ಒಂದು ಬಾಗಿಲು ತೆರೆಯಿತು. 1996ರಲ್ಲಿ ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು, ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆಯನ್ನು, ಆರಂಭಿಸಿದರು. ಅದನ್ನು ಯಾರೂ ಕೋಟಿಗಳಲ್ಲಿ ತೂಗಲಿಲ್ಲ. ನಮ್ಮ ಊರಿನ ಹೆಸರನ್ನು ನಾಡಿಗೆಲ್ಲ ಒಯ್ದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ವರ್ಷಗಟ್ಟಲೆ 'ಜೀವನ' ಪತ್ರಿಕೆ ನಡೆಸಿದರಲ್ಲ, ಅದನ್ನು ಲಾಭದಿಂದ ಅಳೆಯುವವರು ಯಾರು?

ಹಾಗೆಂದು ಹಣ ಪಡೆದವರನ್ನು ನಾನು ಹಳಿಯಲಾರೆ. ಜೈನ್ ಅವರು ಬಾಗಿಲು ತೆರೆದಾಗ ಬರುವವರೇ ಕಡಿಮೆ. ನಾಲ್ಕು ವರ್ಷ ಕಾದರು. ದೀಪ ಹಚ್ಚಿದರೆ ಸಾಲದು, ಎಣ್ಣೆಯೂ ಬೇಕು. ಆದರೆ ಬೆಲೆ ಎಂಬುದು ಬಹುಮಟ್ಟಿಗೆ ಕೊಳ್ಳುವವನ ಆ ಹೊತ್ತಿನ ಅವಸರ. 2000ದಲ್ಲಿ ಅಮೆರಿಕದ ಷೇರುಪೇಟೆ ಕುಸಿದಾಗ ಇಂಥ ಎಷ್ಟೋ ಕಂಪೆನಿಗಳ ಬೆಲೆ ನೆಲಕಚ್ಚಿತು. ಊರಿನ ಸುದ್ದಿಗೆ ಕಾಯುವವರು ಮಾತ್ರ ಹಿಂದಿನಂತೆಯೇ ಕಾಯುತ್ತಿದ್ದರು.

ತರಗತಿಯಲ್ಲಿ, "ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?" ಎಂದು ಕೇಳಿ ನೋಡಿ. "ಏನೂ ಇಲ್ಲ ಮಿಸ್, ಮನೇಲಿರ್ತಾರೆ" ಎನ್ನುತ್ತಾರೆ ಮಕ್ಕಳು. ನಾಲ್ಕು ಗಂಟೆಗೆದ್ದು ಹಾಲು ಕರೆದು, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಆಮೇಲೆ ಒಲೆ ಹಚ್ಚುವ ತಾಯಿ ಅವಳು! ಬೆಲೆ ಬಾರದ್ದೆಲ್ಲ ಬೆಲೆಯಿಲ್ಲದ್ದಲ್ಲ ಎಂದು ಈ ಮಕ್ಕಳಿಗೆ ಹೇಳಬೇಕು. ಇದೇ ಮಾತನ್ನು ನೆಪ ಮಾಡಿಕೊಂಡು ಹೆಣ್ಣನ್ನು ಬಿಟ್ಟಿ ದುಡಿಸಿಕೊಳ್ಳುವವರೂ ಇದ್ದಾರೆ. ಅವರ ಮುಂದೆ ಕೂಲಿ ಕೇಳುವುದನ್ನೂ ಕಲಿಸಬೇಕು. ಯಾವುದನ್ನು ಪ್ರೀತಿಯಿಂದ ಕೊಡಬೇಕು, ಯಾವುದಕ್ಕೆ ಕೂಲಿ ಕೇಳಬೇಕು ಎಂಬ ತೀರ್ಮಾನ ದುಡಿಯುವವಳ ಕೈಯಲ್ಲೇ ಇರಲಿ.