ಅತಿಭಾರಾರೋಪಣ: ರೋಗಿಯನ್ನು ಎತ್ತುವವರ ಬೆನ್ನು

ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದಗಳ ತರುವಾಯ ಬರುವುದು ಅತಿಭಾರಾರೋಪಣ; ಎಂದರೆ ಶಕ್ತಿಮೀರಿ ಭಾರ ಹೇರುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಶ್ರಾವಕರಲ್ಲಿ ಅನೇಕರು ಒಕ್ಕಲುತನದವರು. ಕಬ್ಬಿನ ಹಂಗಾಮಿನಲ್ಲಿ ಏರುದಾರಿಯಲ್ಲಿ ಮೊಣಕಾಲೂರಿದ ಎತ್ತನ್ನು ಕಂಡವರಿಗೆ ಈ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರವೂ 1965ರಲ್ಲಿಯೇ ಬಂಡಿ ಎಳೆಯುವ ಪಶುಗಳಿಗೆ ಇಂತಿಷ್ಟೇ ಹೊರೆಯೆಂದು ನಿಯಮ ಮಾಡಿತು. ಆದರೆ ಆಸ್ಪತ್ರೆಯಲ್ಲಿ ನಮ್ಮ ತಂದೆಯನ್ನು ಮಂಚದಿಂದ ಸ್ಟ್ರೆಚರಿಗೆ ಸಾಗಿಸುವ ಮನುಷ್ಯನನ್ನು ಕಂಡಾಗ ಅದೇ ಶಬ್ದವು ನಮ್ಮ ನೆನಪಿಗೆ ಬರುವುದಿಲ್ಲ.

ಇವನನ್ನು ವಾರ್ಡ್ ಬಾಯ್ ಎನ್ನುತ್ತೇವೆ, ವಯಸ್ಸು ಐವತ್ತಾದರೂ. ಅರವತ್ತು ಕಿಲೋ ತೂಕದ ಜೋಳದ ಚೀಲವನ್ನು ಹೊರುವುದಕ್ಕೂ ಅಷ್ಟೇ ತೂಕದ ರೋಗಿಯನ್ನು ಎತ್ತುವುದಕ್ಕೂ ದೊಡ್ಡ ಭೇದವಿದೆ. ಹಮಾಲನು ಚೀಲವನ್ನು ಬೆನ್ನಿಗೆ ಒತ್ತಿ ನೆಟ್ಟಗೆ ನಡೆಯಬಲ್ಲನು. ರೋಗಿಯನ್ನಾದರೋ ಮಂಚದ ಮೇಲೆ ಬಾಗಿ, ಕೈಚಾಚಿ, ಸೊಂಟವನ್ನು ತಿರುಚಿ ಎತ್ತಬೇಕು. ಬೆನ್ನುಮೂಳೆಯ ನಡುವಣ ಮೆತ್ತೆಗಳಿಗೆ ಇದಕ್ಕಿಂತ ಕೆಟ್ಟ ಭಂಗಿ ಮತ್ತೊಂದಿಲ್ಲ. ಚೀಲಕ್ಕೆ ಭಯವಿಲ್ಲ. ರೋಗಿಯು ನಡುವೆ ಬೆಚ್ಚಿ ಕೊರಳನ್ನು ತಬ್ಬಿಕೊಂಡರೆ ಭಾರವೆಲ್ಲ ಒಮ್ಮೆಲೇ ಒಂದು ಪಕ್ಕಕ್ಕೆ ವಾಲುತ್ತದೆ; ಆಗ ಕೈಬಿಡುವಂತಿಲ್ಲವಾದ್ದರಿಂದ ಆ ಪೆಟ್ಟನ್ನು ಅವನು ತನ್ನ ನಡುವಿನ ಮೇಲೆಯೇ ತೆಗೆದುಕೊಳ್ಳುತ್ತಾನೆ. ಅಮೆರಿಕದ ತಜ್ಞರು ಅನುಕೂಲ ಸ್ಥಿತಿಯಲ್ಲಿ ಪೆಟ್ಟಿಗೆ ಎತ್ತುವವನಿಗೆ ಸುಮಾರು 23 ಕಿಲೋ ಮಿತಿಯೆಂದರೆ, ರೋಗಿಯನ್ನು ಕೈಯಿಂದ ಎತ್ತುವವನಿಗೆ 2007ರಲ್ಲಿ ಸೂಚಿಸಿದ್ದು 35 ಪೌಂಡು, ಅಂದರೆ ಸುಮಾರು 16 ಕಿಲೋ ಮಾತ್ರ. ಅರವತ್ತು ಕಿಲೋದ ರೋಗಿಗೆ ನಾಲ್ವರು ಸಮನಾಗಿ ಕೈಕೊಟ್ಟರೆ ಲೆಕ್ಕ ಸರಿಹೋದೀತು. ಸಣ್ಣ ಊರಿನ ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಆ ನಾಲ್ವರು ಎಲ್ಲಿಂದ ಬರಬೇಕು?

ಗಾಲಿಯ ಸ್ಟ್ರೆಚರು ಇದ್ದರೆ ಕಷ್ಟ ಮುಗಿಯಿತೆಂದು ತಿಳಿಯಬಾರದು. ನಿಂತ ಗಾಡಿಯನ್ನು ಹೊರಡಿಸುವಾಗಲೇ ಹೆಚ್ಚು ಬಲ ಬೇಕು. ಒಂದು ಗಾಲಿ ಕಚ್ಚಿಕೊಂಡರೆ ದಾರಿಯುದ್ದಕ್ಕೂ ಭುಜದಿಂದ ಅದನ್ನು ಎಳೆದು ಸರಿಪಡಿಸುತ್ತಲೇ ಇರಬೇಕು. ಇಳಿಜಾರಿನಲ್ಲಿ ಮುಂದೆ ನುಗ್ಗುವ ಭಾರವನ್ನು ಮೈಯಿಂದಲೇ ತಡೆಹಿಡಿಯಬೇಕು. ಗಂಭೀರ ರೋಗಿಯನ್ನು ಬೆಳಗಾವಿಗೆ ಕಳುಹಿಸುವಾಗ ಮಂಚದಿಂದ ಸ್ಟ್ರೆಚರಿಗೆ, ಅಲ್ಲಿಂದ ಆಂಬುಲೆನ್ಸಿಗೆ, ಪುನಃ ಮತ್ತೊಂದು ಮಂಚಕ್ಕೆ ಎತ್ತಿ ಇಳಿಸುವ ಕೆಲಸವು ಎರಡು ಊರುಗಳ ಕೈಗಳಲ್ಲಿ ನಡೆಯುತ್ತದೆ. 2008ರಿಂದ 108ರ ವಾಹನ ಬಂದು ದಾರಿಯ ಹೊತ್ತು ಉಳಿಯಿತು, ಎತ್ತುವುದು ಉಳಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಕೇಳಿದ್ದೇನೆ. ವೈಯಾವೃತ್ಯವು ಆಭ್ಯಂತರ ತಪಸ್ಸುಗಳಲ್ಲಿ ಒಂದು; ರೋಗಿಯ ಸೇವೆಯಲ್ಲಿ ಮೈನೋವು ಸಹಜ, ಅದರಿಂದಲೇ ಪುಣ್ಯವಲ್ಲವೆ ಎಂದು. ಈ ವಾದವು ನನಗೆ ಒಪ್ಪಿಗೆಯಿಲ್ಲ. ನಿರ್ವಿಚಿಕಿತ್ಸೆಗೆ ನಿದರ್ಶನನಾದ ಉದ್ದಾಯನ ರಾಜನು ವ್ಯಾಧಿಗ್ರಸ್ತ ಮುನಿಯ ವಾಂತಿಯನ್ನು ಹೇಸದೆ ತೊಳೆದದ್ದು ತಾನೇ ಬಯಸಿ. ಬಯಸಿ ಸಹಿಸಿದ ಕಷ್ಟವು ತಪಸ್ಸಾದೀತು. ಹೊಟ್ಟೆಪಾಡಿಗಾಗಿ, ಹೊರಗುತ್ತಿಗೆಯ ಸಂಬಳಕ್ಕಾಗಿ ಬಂದವನ ಮೇಲೆ ನಾವು ಹೇರಿದ್ದು ನಮ್ಮ ಅತಿಚಾರವೇ ಆಗುತ್ತದೆ. ಕೃತ, ಕಾರಿತ, ಅನುಮೋದಿತಗಳೆಂಬ ಮೂರರಲ್ಲಿ, ಬೇಗ ಎತ್ತಪ್ಪಾ ಎಂದು ಅವಸರಪಡಿಸುವ ನಾವು ಎರಡನೆಯದರಲ್ಲಿ ನಿಂತಿರುತ್ತೇವೆ. ಹತ್ತು ರೂಪಾಯಿಯ ಬಕ್ಷೀಸು ಅಲ್ಲಿಂದ ನಮ್ಮನ್ನು ಬಿಡಿಸಲಾರದು. (ಅದನ್ನು ಕೇಳುವವರೂ ಉಂಟು, ನಿಜ, ಅದು ಬೇರೆ ಪ್ರಸಂಗ.)

ಸಮಂತಭದ್ರಾಚಾರ್ಯರು ವೈಯಾವೃತ್ಯದಲ್ಲಿ ಆಹಾರ, ಔಷಧಗಳ ಜೊತೆಗೆ ಉಪಕರಣ, ಆವಾಸಗಳ ದಾನವನ್ನೂ ಸೇರಿಸಿದ್ದಾರೆ. ಅಲ್ಲಿ ಉದ್ದೇಶಿತರು ಸಂಯಮಿಗಳು. ಆದರೂ ಆ ಭಾವನೆಯನ್ನು ಆಸ್ಪತ್ರೆಯ ಬಾಗಿಲಿಗೆ ತರುವುದರಲ್ಲಿ ದೋಷವಿಲ್ಲವೆಂದು ನನ್ನ ತಿಳಿವಳಿಕೆ. ನಮ್ಮ ಬಸದಿಗಳ ಟ್ರಸ್ಟುಗಳು ಅನ್ನದಾನಕ್ಕೂ ಔಷಧಿಗೂ ಕೈಬಿಚ್ಚಿ ಕೊಡುತ್ತವೆ. ಕೋಣೆ ಕಟ್ಟಿಸಿ ಅಮೃತಶಿಲೆಯಲ್ಲಿ ಹೆಸರು ಕೆತ್ತಿಸುವ ದಾನಿಗಳೂ ಇದ್ದಾರೆ. ಎತ್ತರವನ್ನು ಏರಿಳಿಸಬಹುದಾದ ಸ್ಟ್ರೆಚರು, ರೋಗಿಯನ್ನು ಎತ್ತದೆ ಜಾರಿಸಿ ಸಾಗಿಸುವ ನುಣುಪಾದ ಹಾಸು, ಸವೆದ ಗಾಲಿಗೆ ಬದಲು ಹೊಸ ಗಾಲಿ, ಇವುಗಳನ್ನು ಕೊಟ್ಟವರನ್ನು ಕಾಣುವುದು ಅಪರೂಪ. ಹಾಸಿನ ಮೇಲೆ ಹೆಸರು ಕೆತ್ತಲಾಗದು, ಅದೊಂದು ತೊಡಕು. ಮುಂದಿನ ವಾರ್ಷಿಕ ಸಭೆಗೆ ಮುನ್ನ ವಿಶ್ವಸ್ತರೊಬ್ಬರು ತಮ್ಮೂರಿನ ಆಸ್ಪತ್ರೆಗೆ ಹೋಗಿ, ವೈದ್ಯಾಧಿಕಾರಿಗಳ ಅನುಮತಿ ಪಡೆದು, ವಾರ್ಡಿನಲ್ಲಿ ದುಡಿಯುವವನನ್ನೇ ಕೇಳಲಿ. ಯಾವ ಗಾಲಿ ಕೆಟ್ಟಿದೆ, ಯಾವ ಇಳಿಜಾರು ಕಡಿದಾಗಿದೆ, ರಾತ್ರಿ ಜೊತೆಗೆ ಯಾರಿರುತ್ತಾರೆ ಎಂಬುದನ್ನು ಬರೆದುಕೊಂಡು ಬರಲಿ.